ಟಕ್ಕು, ಸರಕ್ಕು

ಜನವರಿ 9

ಅಕ್ಕಾ,

ನಾನಿಲ್ಲಿ ಕ್ಷೇಮ. ‘ಎಲ್ಲರೂ ಕ್ಷೇಮ’ ಎಂದು ಬರೆದಿದ್ದರೆ ಕಾಗದಕ್ಕೊಂದು ಘನತೆ ಬರುತ್ತಿತ್ತು. ಆದರೆ ಇಲ್ಲಿರುವುದು ನಾನೊಬ್ಬನೇ. ಒಬ್ಬ ಮನುಷ್ಯ ಎಷ್ಟು ಜನರ ಕ್ಷೇಮವನ್ನು ಹೊತ್ತಾನು?

ಫೋನ್ ಬಿಟ್ಟು ಇದೇನಿದು ಕಾಗದ ಎಂದು ಹುಬ್ಬೇರಿಸಬೇಡ. ಅಮ್ಮ ತೀರಿಹೋದ ಮರುದಿನವೇ ನಾನು ಸಮ್ಮೇಳನಕ್ಕೆಂದು ವಿಮಾನ ಹತ್ತಿದೆನಲ್ಲ, ಅಲ್ಲಿಂದೀಚೆಗೆ ನಮ್ಮ ಫೋನ್ ಮಾತುಗಳೆಲ್ಲ ‘ಹಲೋ’ದಲ್ಲಿ ಶುರುವಾಗಿ ‘ಆಯ್ತು ಬಿಡು’ವಿನಲ್ಲಿ ಮುಗಿಯುತ್ತಿವೆ. ನಡುವೆ ಏನೂ ಇರುವುದಿಲ್ಲ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕಲಾರೆ. ಹುಟ್ಟಿದ ಮೇಲೆ ನನಗೆ ಸಿಕ್ಕಿರುವ ಮೊದಲ ಅವಕಾಶ ಇದು.

ಸುದ್ದಿ ಏನೆಂದರೆ, ನಿನ್ನ ತಮ್ಮನಿಗೆ ಪ್ರಾಧ್ಯಾಪಕನಾಗುವ ಲಕ್ಷಣಗಳು ಕಾಣಿಸಿಕೊಂಡಿವೆ. ನಮ್ಮ ಚಲನವಿಜ್ಞಾನ ವಿಭಾಗದಲ್ಲಿ ‘ಎಲ್ಲರನ್ನೂ ಒಳಗೊಳ್ಳುವ ದೈಹಿಕ ಚಟುವಟಿಕೆ’ ಎಂಬುದಕ್ಕಾಗಿ ಹೊಸದೊಂದು ಕಾಯಂ ಹುದ್ದೆ ಮಾಡಿದ್ದಾರೆ. ಜನರನ್ನು ಕುರ್ಚಿಯಿಂದ ಎಬ್ಬಿಸುವುದು ಹೇಗೆ ಎಂದು ಇಷ್ಟು ವರ್ಷ ತಲೆ ಕೆಡಿಸಿಕೊಂಡವನಿಗೆ ಬಹುಮಾನವಾಗಿ ನಿವೃತ್ತಿಯವರೆಗೂ ಏಳಬೇಕಿಲ್ಲದ ಒಂದು ಕುರ್ಚಿ. ಏಪ್ರಿಲ್‌ನಲ್ಲಿ ಆಯ್ಕೆ ಸಮಿತಿಯ ಎದುರು ಉಪನ್ಯಾಸ. ನೀನು ಬರಬೇಕು. ಮುಂದಿನ ಸಾಲಿನಲ್ಲಿ ಕೂತು, ನಾನು ತಡವರಿಸಿದಾಗ ಕೆಮ್ಮಬೇಕು.

ಉಪನ್ಯಾಸವನ್ನು ಅಮ್ಮನಿಂದಲೇ ಶುರು ಮಾಡುತ್ತೇನೆ. ನನ್ನ ಮೊದಲ ಅಧ್ಯಯನ ನೆನಪಿದೆಯಲ್ಲ: ಊರುಗೋಲಿನವರು, ಗಾಲಿಕುರ್ಚಿಯವರು, ಕಾಲು ಏರುಪೇರಾದವರು, ಎಲ್ಲರಿಗೂ ಒಟ್ಟಿಗೆ ವ್ಯಾಯಾಮದ ತರಗತಿ. ಮೊದಲು ಹೆಸರು ಕೊಟ್ಟವಳು ಅಮ್ಮ. ಶುರುವಿನಲ್ಲಿ ಅಳತೆಗೆ ನನ್ನ ಹತ್ತಿರ ವಾಚು, ಪೆನ್ಸಿಲ್ ಬಿಟ್ಟರೆ ಏನೂ ಇರಲಿಲ್ಲ. ತರಗತಿ ಮುಗಿಯುವ ಹೊತ್ತಿಗೆ ಕ್ಯಾಮೆರಾಗಳು ಬಂದವು. ಮೈಯ ಕೀಲುಕೀಲಿಗೂ ಹೊಳೆಯುವ ಬೂದು ಗೋಲಿ ಅಂಟಿಸಿ ನಡೆಸಿದೆ. “ಮೈಗೆಲ್ಲ ಗುಂಡಿ ಹೊಲಿದಿದ್ದೀಯಲ್ಲೋ, ಕಾಜಾ ಎಲ್ಲಿ?” ಎಂದು ಕೇಳಿದಳು. ಆ ಕ್ಯಾಮೆರಾಗಳಿಗೆ ಮನುಷ್ಯರು ಕಾಣುವುದಿಲ್ಲ, ಗೋಲಿಗಳು ಮಾತ್ರ ಕಾಣುತ್ತವೆ. ಪರದೆಯ ಮೇಲೆ ಮುಖವಿಲ್ಲ, ಬಟ್ಟೆಯಿಲ್ಲ. ಕಪ್ಪಿನೊಳಗೆ ನಡೆಯುವ ಒಂದಷ್ಟು ಬೆಳಕಿನ ಚುಕ್ಕೆಗಳು, ಅಷ್ಟೇ. ಎಳವೆಯ ಜ್ವರದಲ್ಲಿ ಎಡಗಾಲು ಗಿಡ್ಡವಾದ ಹೆಂಗಸು ಅದರಲ್ಲಿ ಎಷ್ಟು ಸಮವಾಗಿ ನಡೆದಿದ್ದಾಳೆ ಅಂತೀಯ! ನನ್ನ ‘ಸಮ ನಡಿಗೆ’ ವಿಧಾನ ನಿಂತಿರುವುದೇ ಆ ಚುಕ್ಕೆಗಳ ಮೇಲೆ. ಕ್ಯಾಮೆರಾ ಕಂಡರೆ ಗಕ್ಕನೆ ನಿಂತುಬಿಡುತ್ತಿದ್ದವಳು ಅವಳು. ಅವಳು ನಡೆಯುವ ಇನ್ನೊಂದು ಚಿತ್ರ ಈ ಭೂಮಿಯ ಮೇಲಿಲ್ಲ.

ಈಚೆಗೆ ದಿನವಿಡೀ ಅದನ್ನು ಪ್ರಯೋಗಾಲಯದ ದೊಡ್ಡ ಪರದೆಯ ಮೇಲೆ ಬಿಟ್ಟಿರುತ್ತೇನೆ. ಗುಡಿಸಲು ಬರುವಾಕೆ ಅದಕ್ಕೆ ನಮಸ್ಕಾರ ಹೇಳಿ ಬಕೆಟ್ಟನ್ನು ಪಕ್ಕಕ್ಕೆ ಸರಿಸುತ್ತಾಳೆ, ಅಮ್ಮ ಎಡವದಿರಲಿ ಅಂತ.

ಬರುತ್ತೀಯಲ್ಲ?

ಭಾವೀ ಪ್ರಾಧ್ಯಾಪಕ,
ನಿನ್ನ ಪುಟ್ಟ


ಜನವರಿ 21

ಮಹಾಮಹಿಮ ಭಾವೀ ಪ್ರಾಧ್ಯಾಪಕರ ದಿವ್ಯ ಸನ್ನಿಧಿಗೆ,

ಪ್ರಯಾಣಿಕರ ಗಮನಕ್ಕೆ: ಜನವರಿ ಒಂಬತ್ತರಂದು ಹೊರಟ ತಮ್ಮನ ಕಾಗದವು ಸಕಾಲಕ್ಕೆ ತಲುಪಿದ್ದು, ಉತ್ತರವು ಮಾತ್ರ ತಡವಾಗಿ ಹೊರಡುತ್ತಿದೆ. ಉಂಟಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ.

ಏನು ಮಾಡಲಿ, ನಾಲಿಗೆಗೆ ಅಂಟಿಬಿಟ್ಟಿದೆ. ರೈಲು ನಿಲ್ದಾಣದ ಗಾಜಿನ ಗೂಡಿನಲ್ಲಿ ಮೈಕಿನ ಮುಂದೆ ಕೂತು ಇಷ್ಟು ವರ್ಷ ವಿಷಾದಿಸಿದವಳು ನಾನು. ಸಂಬಳಕ್ಕೆ ವಿಷಾದಿಸುವ ನೌಕರಿ ಊರಿನಲ್ಲಿ ಇನ್ಯಾರಿಗಿದೆ? ಮನೆಗೆ ಬರುವ ಹೊತ್ತಿಗೆ ಸ್ವಂತಕ್ಕೆ ಅಂತ ವಿಷಾದ ಉಳಿದಿರುವುದಿಲ್ಲ.

ನಿನ್ನ ಕುರ್ಚಿಯ ಸುದ್ದಿ ಕೇಳಿ ಹಿಗ್ಗಿದೆ. ಈಗ ನನ್ನ ಸುದ್ದಿ ಕೇಳು. ಮನೆಯಲ್ಲಿ ದೆವ್ವ ಇದೆ.

ನಗಬೇಡ. ಕೆಳಮನೆಯ ಮಾತ್ರೆಯವರು ಗೊತ್ತಲ್ಲ, ಔಷಧದಂಗಡಿ ಮುಚ್ಚಿ ಕೂತಿರುವ ಹಿರಿಯರು? ಅವರು ಮೊನ್ನೆ ಬಾಗಿಲು ತಟ್ಟಿ, ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತರು.

“ದೂರು ಅಲ್ಲಮ್ಮ, ತಪ್ಪು ತಿಳ್ಕೋಬೇಡಿ. ಸುಮ್ನೆ ಒಂದು ಮಾಹಿತಿ.”

“ಹೇಳಿ.”

“ನಿಮ್ಮ ತಾಯಿ... ಇನ್ನೂ ಓಡಾಡ್ತಾರಲ್ಲ?”

ನಾನು ಮೈಕಿನ ದನಿಯಲ್ಲೇ, ಅಮ್ಮ ತೀರಿಕೊಂಡು ಒಂದು ವರ್ಷವಾಗುತ್ತ ಬಂತು ಎಂದೆ.

“ಅಯ್ಯೋ, ಗೊತ್ತಮ್ಮ, ನಾನೇ ಬಂದಿದ್ನಲ್ಲ. ಆದ್ರೆ ಮಧ್ಯಾಹ್ನದ ಹೊತ್ತು, ನೀವು ಡ್ಯೂಟಿ ಮುಗ್ಸಿ ಬಂದ್ಮೇಲೆ, ನನ್ನ ತಲೆ ಮೇಲೇ. ಟಕ್ಕು, ಸರಕ್ಕು. ಟಕ್ಕು, ಸರಕ್ಕು. ಅವರದೇ.”

ಆ ಸದ್ದನ್ನು ಹೊರಗಿನವರೊಬ್ಬರ ಬಾಯಲ್ಲಿ ಕೇಳಿ ನನಗೆ ಹೇಗಾಗಿರಬೇಡ! ಅಮ್ಮ ನೋಡಿಕೊಳ್ಳುತ್ತಿದ್ದ ಶಾಲೆಯ ಗ್ರಂಥಾಲಯದಲ್ಲಿ ಹರಟುತ್ತಿದ್ದ ಮಕ್ಕಳೆಲ್ಲ ಆ ಸದ್ದಿಗೇ ಪುಸ್ತಕದೊಳಗೆ ಮುಖ ಹುದುಗಿಸುತ್ತಿದ್ದರಲ್ಲ. ‘ಟಕ್ಕುಸರಕ್ಕು ಟೀಚರ್ ಬಂದ್ರು’ ಅಂತ. ಬಲಗಾಲು ಟಕ್ಕೆಂದು ಊರುವುದು, ಎಡಗಾಲು ಸರಕ್ಕೆಂದು ಹಿಂದೆ ಬರುವುದು. ಆ ಹೆಸರು ಕೇಳಿ ಅಮ್ಮನೇ ಎಲ್ಲರಿಗಿಂತ ಜಾಸ್ತಿ ನಗುತ್ತಿದ್ದದ್ದು.

ಮಾತ್ರೆಯವರಿಗೆ ನೀರು ಕೊಟ್ಟು ಕಳಿಸಿದೆ. ನನಗೇನೂ ಕೇಳಿಸಿಲ್ಲ. ಇದೆಂಥ ಅನ್ಯಾಯ ನೋಡು. ಬಾಡಿಗೆ ಕಟ್ಟುವವಳು ನಾನು, ದೆವ್ವ ಮಾತ್ರ ಕೆಳಮನೆಯವರಿಗೆ.

ಉಪನ್ಯಾಸಕ್ಕೆ ರಜೆ ಸಿಗುವುದು ಅನುಮಾನ. ಒಂದು ಮಾತು, ಪುಟ್ಟ. ಆ ಚುಕ್ಕೆಗಳನ್ನು ತೋರಿಸಬೇಡ. ಬೇರೆ ಯಾರದ್ದಾದರೂ ತೋರಿಸು.

ವಿಷಾದಗಳೊಂದಿಗೆ,
ಅಕ್ಕ


ಫೆಬ್ರವರಿ 3

ಅಕ್ಕಾ,

ದೆವ್ವದ ಬಗ್ಗೆ ವೈಜ್ಞಾನಿಕ ಅಭಿಪ್ರಾಯ: ನೀರಿನ ಕೊಳವೆ. ಹಳೇ ಕಟ್ಟಡಗಳಲ್ಲಿ ಕೊಳವೆಗಳು ಬಿಸಿಗೆ ಹಿಗ್ಗುತ್ತವೆ, ತಂಪಿಗೆ ಕುಗ್ಗುತ್ತವೆ, ನಡುವೆ ಟಕ್ಕೆನ್ನುತ್ತವೆ. ಸರಕ್ಕೆನ್ನುವುದಕ್ಕೆ ಇನ್ನೂ ವಿವರಣೆ ಹುಡುಕುತ್ತಿದ್ದೇನೆ. ಸಿಗದಿದ್ದರೆ ಎಲ್ಲ ಸಂಶೋಧಕರಂತೆ ‘ಹೆಚ್ಚಿನ ಅಧ್ಯಯನ ಅಗತ್ಯ’ ಎಂದು ಬರೆದು ಕೈ ತೊಳೆದುಕೊಳ್ಳುತ್ತೇನೆ.

ಆದರೆ ಚುಕ್ಕೆಗಳನ್ನು ತೋರಿಸಬೇಡ ಎಂದರೆ ಏನರ್ಥ? ಕಾರಣ ಕೊಡದೆ ಬೇಡ ಅನ್ನುವುದು ನಮ್ಮ ಸಮಿತಿಗಳ ಪದ್ಧತಿ. ನೀನು ಯಾವಾಗ ಸಮಿತಿಯಾದೆ?

ಸಿಟ್ಟಿನಿಂದ ಬರೆದೆ ಅಂದುಕೊಳ್ಳಬೇಡ. ಸಿಟ್ಟು ಬಂದದ್ದು ನಿಜ, ಆದರೆ ಅದರ ಹಿಂದೆಯೇ ಇನ್ನೊಂದು ಬಂತು. ನಮ್ಮ ಪ್ರಯೋಗಾಲಯದಲ್ಲಿ ಒಂದು ಹಳೇ ಆಟವಿದೆ. ಎಲ್ಲರ ನಡಿಗೆಯನ್ನೂ ಚುಕ್ಕೆಗಳಲ್ಲಿ ಹಿಡಿದಿಟ್ಟು, ಹೆಸರು ಮುಚ್ಚಿ ಪರದೆಗೆ ಬಿಡುತ್ತೇವೆ, ಯಾರೆಂದು ಹೇಳಬೇಕು. ಪರಿಚಯದವರಾದರೆ ತಪ್ಪುವುದೇ ಇಲ್ಲ. ಮುಖಕ್ಕಿಂತ ನಡಿಗೆ ಚಾಡಿಕೋರ. ನಮ್ಮ ಮುಖ್ಯಸ್ಥರನ್ನು, ಅವರಿಗೆ ನಾವಿಟ್ಟ ಹೆಸರು ಸ್ಟಾಪ್‌ವಾಚ್, ಭುಜದ ಎರಡು ಚುಕ್ಕೆಗಳಲ್ಲೇ ಹಿಡಿದುಬಿಡುತ್ತೇನೆ. ಲೆಕ್ಕಪತ್ರ ವಿಭಾಗದಾಕೆ, ದ್ವಾರಪಾಲಕ, ಕಾಲೇಜು ಬಿಟ್ಟುಹೋದ ವಿದ್ಯಾರ್ಥಿಗಳು, ಎಲ್ಲರೂ ಗೊತ್ತಾಗುತ್ತಾರೆ.

ನಿನ್ನ ಕಾಗದ ಓದಿ ಹೋಗಿ ಪರದೆಯ ಮುಂದೆ ನಿಂತೆ. ಅಮ್ಮ ನಡೆಯುತ್ತಿದ್ದಳು. ಹೆಸರು ಗೊತ್ತಿಲ್ಲದಿದ್ದರೆ ಇವಳು ಯಾರು ಅಂತ ಹೇಳುತ್ತಿದ್ದೆನಾ ಎಂದು ಕೇಳಿಕೊಂಡೆ.

ಹೇಳುತ್ತಿರಲಿಲ್ಲ, ಅಕ್ಕಾ. ಯಾರೋ ಗೊತ್ತಿಲ್ಲದ ಹೆಂಗಸು. ಅತ್ತಿಂದ ಇತ್ತ ಬರುತ್ತಾಳೆ, ಅಂಚಿಗೆ ಬಂದು ಮಾಯವಾಗುತ್ತಾಳೆ, ಮತ್ತೆ ಅತ್ತಿಂದ ಬರುತ್ತಾಳೆ. ಇಷ್ಟು ವರ್ಷ ಯಾರಿಗೆ ಅಮ್ಮ ಅನ್ನುತ್ತಿದ್ದೆ ನಾನು?

ಈಗ ಬೆನ್ನು ಹಾಕಿ ಕೂತರೆ ಕತ್ತಿನ ಹಿಂದೆ ಏನೋ ನಡೆದ ಹಾಗಾಗುತ್ತದೆ. ನಿನ್ನ ದೆವ್ವಕ್ಕಾದರೆ ಸದ್ದಿದೆ. ನನ್ನದಕ್ಕೆ ಅದೂ ಇಲ್ಲ.

ಹೆಚ್ಚಿನ ಅಧ್ಯಯನದ ಅಗತ್ಯವಿರುವ,
ಪುಟ್ಟ


ಫೆಬ್ರವರಿ 12

ಪುಟ್ಟ,

ಕೊಳಾಯಿಯವನನ್ನು ಕರೆಸಿದೆ. ಕೊಳವೆಗಳೆಲ್ಲ ನಿನಗಿಂತ ಗಟ್ಟಿಯಾಗಿವೆಯಂತೆ.

ಮಾತ್ರೆಯವರು ಮತ್ತೆ ಬಂದಿದ್ದರು. “ನಿನ್ನೆ ಜಾಸ್ತಿ ಇತ್ತಮ್ಮ, ಪಾಪ, ಸುಸ್ತಾದವರ ಹಾಗೆ” ಎಂದರು. ನಿನ್ನೆ ನನಗೆ ಎರಡು ಪಾಳಿ. ಮನೆಗೆ ಬಂದು ಸೋತು ಸೊಪ್ಪಾಗಿ ಅಡುಗೆಮನೆಗೂ ಬಾಲ್ಕನಿಗೂ ಒಣಗಿದ ಬಟ್ಟೆ ಹೊತ್ತುಕೊಂಡು ತಿರುಗಿದ್ದೇನೆ. ಅಂದರೆ ದೆವ್ವ ಇದ್ದದ್ದು ನನ್ನ ಜೊತೆಗೇ! ನನಗೊಂದು ಮಾತೂ ಹೇಳಲಿಲ್ಲ.

ಈಗ ನಾನೂ ಕಿವಿಗೊಟ್ಟು ನಿಲ್ಲುತ್ತೇನೆ. ಹಜಾರದ ನಡುವೆ ಗಕ್ಕನೆ ನಿಂತು ಉಸಿರು ಹಿಡಿಯುತ್ತೇನೆ. ಒಮ್ಮೆ ಸರಕ್ಕೆಂದ ಹಾಗಾಯಿತು. ನಿಂತೆ, ಅದೂ ನಿಂತಿತು. ಬಹಳ ಮರ್ಯಾದಸ್ಥ ದೆವ್ವ.

ಅಮ್ಮನ ಕುರ್ಚಿ ಕಿಟಕಿಯ ಬಳಿಯೇ ಇದೆ. ಕಂಡಾಗಲೆಲ್ಲ ನಿನ್ನದೇ ನೆನಪು.

ಕಾರಣ ಕೇಳಿದೆಯಲ್ಲ. ಮೊದಲು ನಾನೊಂದು ಕೇಳುತ್ತೇನೆ, ಉತ್ತರ ಬರೆ. ಅಮ್ಮ ನಡೆಯುವುದನ್ನು ನೀನು ಕೊನೆಯ ಸಲ ನೋಡಿದ್ದು ಯಾವಾಗ?

ಅಕ್ಕ


ಮಾರ್ಚ್ 2

ಅಕ್ಕಾ,

ಇಷ್ಟು ಸಣ್ಣ ಪ್ರಶ್ನೆಗೆ ಇಷ್ಟು ದಿನ ಬೇಕಾಯಿತು.

ನೋಡಿದ್ದೇನೆ ಅಂದುಕೊಂಡಿದ್ದೆ. ನೆನಪು ತೆಗೆದು ನೋಡಿದರೆ ಎಲ್ಲದರಲ್ಲೂ ಅವಳು ಕೂತಿದ್ದಾಳೆ. ರಜೆಗೆ ಬಂದರೆ ಕಿಟಕಿಯ ಬಳಿ ಕುರ್ಚಿಯಲ್ಲಿ. ಹಬೆಯಾಡುವ ಲೋಟ ಅವಳ ಕೈಗೆ ಕೊಡುತ್ತಿದ್ದದ್ದು ನೀನು. ಬಾಗಿಲು ತೆಗೆಯುತ್ತಿದ್ದದ್ದು ನೀನು. ನಾನು ಹೊರಡುವಾಗ ಬಾಗಿಲವರೆಗೆ ಬರುತ್ತಿದ್ದದ್ದೂ ನೀನೇ. ಅವಳು ಕುರ್ಚಿಯಿಂದಲೇ ಕೈ ಬೀಸುತ್ತಿದ್ದಳು. ಆಮೇಲೆ ಆಸ್ಪತ್ರೆಯ ಮಂಚ. ಕೊನೆಯ ಸಲ ಅವಳು ನಡೆದದ್ದನ್ನು ನೋಡಿದ್ದು ಇದೇ ಪ್ರಯೋಗಾಲಯದಲ್ಲಿ, ಗೋಲಿ ಅಂಟಿಸಿಕೊಂಡು.

ನನಗೆ ಅನುಮಾನ ಬರಬೇಡವಾ? ಬರಲಿಲ್ಲ. ಅದರ ಬದಲು ಭಾಷಣ ಬಂತು. “ಕೂತೇ ಇದ್ರೆ ಹೇಗಮ್ಮ, ಎದ್ದು ಓಡಾಡು. ನೀನೇ ಹೀಗೆ ಮಾಡಿದ್ರೆ ಊರವರಿಗೆ ನಾನೇನು ಹೇಳಲಿ?” ಪ್ರತಿ ಸಲವೂ. ಕರಪತ್ರ ಬೇರೆ ತಂದುಕೊಡುತ್ತಿದ್ದೆ, ಬಣ್ಣದ್ದು.

ಈ ಎರಡು ವಾರ ನನ್ನ ಚುಕ್ಕೆಗಳನ್ನು ಮಗನಾಗಿ ನೋಡುವುದು ಬಿಟ್ಟು ಕಸುಬಿನವನಾಗಿ ನೋಡಿದೆ. ಇಷ್ಟು ವರ್ಷ ಕಾಲನ್ನೇ ನೋಡಿದ್ದೆ. ಸಮ ನಡಿಗೆಯವನಿಗೆ ಕಾಲು ಬಿಟ್ಟರೆ ಏನು ಕಾಣುತ್ತದೆ? ಈಗ ಕೈ ನೋಡಿದೆ. ಮಣಿಕಟ್ಟಿನ ಚುಕ್ಕೆಗಳು ಬೀಸುತ್ತಲೇ ಇಲ್ಲ. ತುಂಬಿದ ಪಾತ್ರೆ ಹಿಡಿದವರ ಹಾಗೆ ತೊಡೆಗೆ ಒತ್ತಿಕೊಂಡಿವೆ. ಭುಜಗಳೆರಡೂ ಕಿವಿಯತ್ತ ಏರಿವೆ. ಅಷ್ಟು ದೂರ ನಡೆಯುವಾಗ ಎದೆಯ ಚುಕ್ಕೆ ಒಮ್ಮೆಯೂ ಏರಿಳಿದಿಲ್ಲ. ಉಸಿರೇ ಬಿಟ್ಟಿಲ್ಲ ಅವಳು. ಹೀಗೆ ನಡೆಯುವವರನ್ನು ನಾನು ಬಲ್ಲೆ. ಗಾಜಿನ ಚೂರಿನ ಮೇಲೆ ನಡೆಯುವಾಗ ಜನ ಹೀಗೆ ನಡೆಯುತ್ತಾರೆ.

ಅಕ್ಕಾ, ನೇರವಾಗಿ ಕೇಳುತ್ತೇನೆ. ಅಮ್ಮ ಅಂದು ನಟಿಸಿದಳಾ?

ಪುಟ್ಟ


ಮಾರ್ಚ್ 8

ಪುಟ್ಟ,

ಹೌದು.

ಇಷ್ಟು ಬರೆದು ಲಕೋಟೆ ಅಂಟಿಸೋಣ ಅಂತಿದ್ದೆ. ಆದರೆ ಹೊರಟ ರೈಲನ್ನು ನಡುದಾರಿಯಲ್ಲಿ ನಿಲ್ಲಿಸಿದರೆ ಪ್ರಯಾಣಿಕರು ಬಯ್ಯುತ್ತಾರೆ.

ಆ ಅಧ್ಯಯನದ ಕಾಲದಲ್ಲಿ ನೀನು ಒಂದು ದಿನ ಫೋನಿನಲ್ಲಿ, “ಇದು ಸರಿ ಬರ್ಲಿಲ್ಲ ಅಂದ್ರೆ ನನ್ನ ಕಥೆ ಮುಗೀತಮ್ಮ” ಅಂದೆ. ನಿನಗದು ಬಾಯಿಮಾತು. ಅವಳು ಫೋನಿಟ್ಟಳು. ಆಮೇಲೆ ನನ್ನನ್ನು ಕರೆದಳು.

“ಲೇ, ಇದು ವಿಚಿತ್ರ ಪರೀಕ್ಷೆ ಕಣೇ. ಪರೀಕ್ಷೆ ಅವನದು, ನಡೆಯೋದು ನಾನು.”

“ಅದು ಪರೀಕ್ಷೆ ಅಲ್ಲಮ್ಮ, ಅಳತೆ” ಅಂದೆ.

“ಅಳತೆಗೆ ಯಾರಾದ್ರೂ ಹೀಗೆ ಅಳೋ ದನಿ ಮಾಡ್ತಾರಾ? ನಾನು ಕುಂಟಿದ್ರೆ ಅವನು ಫೇಲು. ಅಷ್ಟು ಗೊತ್ತಾಗಲ್ವಾ ನಂಗೆ?”

ಮರುದಿನದಿಂದ ಹಜಾರದಲ್ಲಿ ಅಭ್ಯಾಸ. ನೆಲದ ಚಪ್ಪಡಿಗಳ ಗೆರೆ ಹಿಡಿದು ನಡೆಯುವುದು. ನಾನು ಇನ್‌ಸ್ಪೆಕ್ಟರ್. ಎಡಗಡೆಯ ಬೂಟಿನೊಳಗೆ ಮಡಿಸಿದ ಕಾಲುಚೀಲ ತುರುಕಿ ಎತ್ತರ ಸರಿಮಾಡಿಕೊಂಡಳು. ಬೀಳುವಂತಾದಾಗೆಲ್ಲ ಇಬ್ಬರೂ ಬಿದ್ದು ಬಿದ್ದು ನಕ್ಕಿದ್ದೇವೆ ಕಣೋ. ಅಷ್ಟು ನಕ್ಕ ದಿನಗಳು ಆಮೇಲೆ ಬರಲಿಲ್ಲ. “ಡುಮ್ಕಿ ಹೊಡೆಯೋ ಮಕ್ಕಳಿಗೆ ಜೀವಮಾನವೆಲ್ಲ ಪುಸ್ತಕ ಕೊಟ್ಟೋಳು ನಾನು, ನನ್ನ ಮಗನ್ನ ನಾನೇ ಡುಮ್ಕಿ ಹೊಡೆಸ್ಲಾ?” ಅನ್ನುತ್ತಿದ್ದಳು.

ನಡೆದು ತೋರಿಸಿ ಬಂದಳು. ಬಂದವಳೇ ಹಾಸಿಗೆ ಹಿಡಿದಳು. ಸೊಂಟ ಕಲ್ಲಾಗಿತ್ತು. ನಾನು ಬಿಸಿನೀರಿನ ಚೀಲ ಒತ್ತುತ್ತಿದ್ದಾಗಲೇ ನಿನ್ನ ಫೋನ್ ಬಂತು. ಎಲ್ಲರೂ ಬೆರಗಾಗಿದ್ದಾರೆ, ಅಮ್ಮ ಗೆದ್ದುಬಿಟ್ಟಳು ಅಂತ ಕೂಗುತ್ತಿದ್ದೆ. ಅವಳು ನನ್ನ ಕೈ ಹಿಡಿದು ಕಣ್ಣಲ್ಲೇ ಹೇಳಿದಳು, ಉಸಿರೆತ್ತಬೇಡ ಅಂತ.

ಆದರೆ ಪುಟ್ಟ, ಗೆದ್ದ ಮೇಲೆ ಸೋಲುವಂತಿಲ್ಲ ನೋಡು. ನೀನು ಪ್ರಬಂಧ ಬರೆದೆ, ಊರೂರಲ್ಲಿ ಅವಳ ಕಥೆ ಹೇಳಿದೆ. ಇನ್ನು ನಿನ್ನೆದುರು ಆ ಕಾಲು ಸರಕ್ಕೆನ್ನುವುದು ಹೇಗೆ? ಮತ್ತೊಮ್ಮೆ ಹಾಗೆ ನಡೆಯುವ ಶಕ್ತಿಯೂ ಅವಳಿಗಿರಲಿಲ್ಲ. ನೀನು ಬರುವ ದಿನ ಬೆಳಿಗ್ಗೆಯಿಂದ ಮನೆಯೆಲ್ಲ ಓಡಾಡಿ ಎಲ್ಲ ಸಿದ್ಧ ಮಾಡಿ, ಕರೆಗಂಟೆ ಕೇಳಿದೊಡನೆ, “ತಡಿ ತಡಿ, ನಾನು ಕೂತ್ಕೊಂಡ್ಮೇಲೆ ಬಾಗ್ಲು ತೆಗಿ” ಅನ್ನುತ್ತಿದ್ದಳು. ನೀನು ಎದುರು ಕೂತು ಭಾಷಣ ಮಾಡುತ್ತಿದ್ದೆ. ಅವಳು ಶಾಲೆಯ ಹುಡುಗಿಯ ಹಾಗೆ ತಲೆಯಾಡಿಸುತ್ತಿದ್ದಳು. ನೀನು ಹೋದ ಮೇಲೆ ಎದ್ದು, ಟಕ್ಕು ಸರಕ್ಕೆಂದು ಕಿಟಕಿಗೆ ಹೋಗಿ, ನೀನು ರಸ್ತೆಯ ತಿರುವು ದಾಟುವವರೆಗೂ ನೋಡುತ್ತಿದ್ದಳು. ಅವಳು ಅಷ್ಟು ಚೆನ್ನಾಗಿ ನಡೆಯುತ್ತಿದ್ದಳು ಕಣೋ, ಅವಳ ಥರ. ಎಷ್ಟೋ ಸಲ ಬಾಯಿ ತುದಿಗೆ ಬಂತು. ನೀನು ಭಾಷಣ ಮಾಡುವಾಗ ನಿನ್ನ ತಲೆಗೊಂದು ಬಿಗಿಯೋಣ ಅಂತಲೂ ಬಂತು. ಅವಳು ನನ್ನತ್ತ ನೋಡುತ್ತಿದ್ದಳು, ಅಷ್ಟೇ.

ಅವಳ ನಡಿಗೆಯನ್ನು ಸರಿ ಮಾಡಬೇಕು ಅಂತ ನಿನಗೆ ಹೇಳಿದವರು ಯಾರು?

ಆ ಚುಕ್ಕೆಗಳು ಬೇಡ ಅಂದದ್ದು ಅದಕ್ಕೇ. ಅವಳದು ಅಂತ ಉಳಿದಿರುವುದು ಅದೊಂದೇ, ಅದೂ ಅವಳದಲ್ಲ.

ಅಕ್ಕ


ಏಪ್ರಿಲ್ 5

ಪುಟ್ಟ,

ಉತ್ತರವಿಲ್ಲ. ಪ್ರಯಾಣಿಕರು ಕಾಯುತ್ತಿದ್ದಾರೆ. ಫೋನ್ ಎತ್ತಿಕೊಂಡೆ, ‘ಆಯ್ತು ಬಿಡು’ ಅನ್ನಲು ಧೈರ್ಯ ಬರದೆ ಇಟ್ಟೆ.

ಊಟ ಮಾಡುತ್ತಿದ್ದೀಯಾ?

ಅಕ್ಕ


ಏಪ್ರಿಲ್ 19

ಅಕ್ಕಾ,

ಮಾಡುತ್ತಿದ್ದೇನೆ.

ಸ್ಟಾಪ್‌ವಾಚ್ ಅವರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ಜೀವಮಾನದಲ್ಲಿ ಮೊದಲ ಬಾರಿಗೆ ಗಡಿಯಾರ ನೋಡಲಿಲ್ಲ. ಕೊನೆಗೆ, “ಅಂದ್ರೆ ನಿಮ್ಮ ತಾಯಿಯವರು ಮಗನಿಗಾಗಿ ಸುಳ್ಳು ನಡೆದ್ರು ಅಂತ ನಾನು ಸಮಿತಿಗೆ ಬರೀಬೇಕಾ?” ಎಂದರು. ಹೌದು ಎಂದೆ. “ಹಾಗೆ ಬರೆಯೋಕೆ ನಮ್ಮಲ್ಲಿ ಪದ ಇಲ್ವಲ್ರೀ” ಎಂದರು. ಪದವನ್ನು ಅವರೇ ಹುಡುಕಿಕೊಂಡರು. ಪ್ರಬಂಧವನ್ನು ಹಿಂತೆಗೆದುಕೊಂಡೆ. ತರಗತಿಯ ಉಳಿದವರಿಗೆ ದಮ್ಮು ಹೆಚ್ಚಿತ್ತು, ಗೆಳೆಯರು ಸಿಕ್ಕಿದ್ದರು, ಮನೆಯಿಂದ ಹೊರಬೀಳುವ ಧೈರ್ಯ ಬಂದಿತ್ತು. ಅದೆಲ್ಲ ನಿಜ. ಸಮವಾದವಳು ಮಾತ್ರ ಒಬ್ಬಳೇ. ನಾನು ಆ ಒಬ್ಬಳ ಮೇಲೆ ಮನೆ ಕಟ್ಟಿದ್ದೆ. ಉಪನ್ಯಾಸ ಕೊಡಲಿಲ್ಲ. ಹುದ್ದೆ ಬೇರೆಯವರಿಗೆ ಹೋಯಿತು. ಒಳ್ಳೆಯವರು, ವೇಗವಾಗಿ ನಡೆಯುತ್ತಾರೆ.

ನನ್ನನ್ನು ಹೊರಗೆ ಹಾಕಿಲ್ಲ. ತರಗತಿಯನ್ನು ಮತ್ತೆ ಮೊದಲಿಂದ ಶುರು ಮಾಡುತ್ತಿದ್ದೇನೆ. ಯಾರನ್ನೂ ಯಾರ ಹಾಗೂ ನಡೆಸುವುದಿಲ್ಲ. ಕುಂಟುವವರು ಕುಂಟುತ್ತಲೇ ಚೆಂಡು ಎಸೆಯಲಿ, ಗಾಲಿಯವರು ಗಾಲಿಯಲ್ಲೇ ಅಡ್ಡ ಬರಲಿ. ಯಾರ ಮೈಗೆ ಏನು ಬರುತ್ತದೆ ಎಂದು ಅವರನ್ನೇ ಕೇಳುವುದಂತೆ. ಇಷ್ಟು ಓದಿದವನಿಗೆ ಇದು ಈಗ ಹೊಳೆಯಿತು.

ಪರದೆಯನ್ನು ಆರಿಸಿದ್ದೇನೆ. ಗುಡಿಸುವಾಕೆ, “ಅಮ್ಮ ಎಲ್ಲಿ ಸಾರ್?” ಅಂದಳು. “ಕೂತಿದ್ದಾಳೆ” ಅಂದುಬಿಟ್ಟೆ.

ನನಗೆ ಅವಳ ನಿಜವಾದ ನಡಿಗೆ ನೆನಪಾಗುತ್ತಿಲ್ಲ, ಅಕ್ಕಾ. ಸದ್ದು ನೆನಪಿದೆ, ಮೈ ನೆನಪಿಲ್ಲ. ಕಣ್ಣು ಮುಚ್ಚಿದರೆ ಆ ಗೊತ್ತಿಲ್ಲದ ಹೆಂಗಸೇ ಕೈ ಬಿಗಿದುಕೊಂಡು ಬರುತ್ತಾಳೆ. ಅಮ್ಮನನ್ನು ನಾನು ಎರಡು ಸಲ ಕಳೆದುಕೊಂಡೆ.

ಒಂದು ಉಪಕಾರ ಮಾಡು. ಹೊಸ ತರಗತಿಯವರ ಪಕ್ಕದಲ್ಲಿಟ್ಟು ನೋಡಲು ಒಂದಿಷ್ಟು ಸಾಧಾರಣ ಕಾಲುಗಳು ಬೇಕು. ನಿನ್ನವಕ್ಕಿಂತ ಸಾಧಾರಣವಾದವು ಎಲ್ಲಿ ಸಿಗುತ್ತವೆ? ಬಾ. ಗೋಲಿ ಅಂಟಿಸುತ್ತೇನೆ. ಜಗಳ ಆಡುವುದಿದ್ದರೆ ಎದುರೆದುರೇ ಆಡೋಣ.

ಪುಟ್ಟ


ಮೇ 16

ಅಕ್ಕಾ,

ನೀನು ಬಂದು ಹೋಗಿ ವಾರ ಕಳೆಯಿತು. ರೈಲು ತಪ್ಪುತ್ತದೆ ಎಂದು ಅವಸರಪಟ್ಟು ಓಡಿದೆ. ರೈಲನ್ನು ತಡ ಮಾಡಿಸುವ ಅಧಿಕಾರ ಇರುವವಳೇ ಹೀಗೆ ಓಡಿದರೆ ಉಳಿದವರ ಗತಿಯೇನು?

ನೀನು ನೋಡದೇ ಹೋದದ್ದನ್ನು ಬರೆಯುತ್ತಿದ್ದೇನೆ. ಕೂತು ಓದು.

ಗೋಲಿ ಅಂಟಿಸಿ ನಡಿ ಅಂದಾಗ ನೀನು ಪೊಲೀಸ್ ಪೆರೇಡಿನ ಹಾಗೆ ನಡೆದೆ. ನಕ್ಕು ಸಾಕಾಯಿತು. ಎಷ್ಟು ಸಲ ಮಾಡಿದರೂ ಪೆರೇಡೇ. “ಆಯ್ತು, ಮುಗೀತು, ಚೀಲ ತಗೋ” ಅಂದೆ. ನೀನು ಅಬ್ಬ ಎಂದು ಉಸಿರು ಬಿಟ್ಟು, ಸ್ಟಾಪ್‌ವಾಚ್ ಅವರ ಟೈ ಬಗ್ಗೆ ಏನೋ ಹೇಳುತ್ತ, ಆ ಮೂಲೆಯ ಬೆಂಚಿನವರೆಗೆ ಹೋಗಿ ಚೀಲ ತಂದೆ.

ಕ್ಯಾಮೆರಾಗಳನ್ನು ನಾನು ಆರಿಸಿರಲಿಲ್ಲ. ಬೇಕೆಂದೇ ಅಲ್ಲ. ಮರೆತಿದ್ದೆ.

ನೀನು ಹೋದ ಮೇಲೆ ಕೂತು ಪೆರೇಡನ್ನೆಲ್ಲ ಕತ್ತರಿಸಿ ತೆಗೆಯುತ್ತಿದ್ದೆ. ಕೊನೆಯಲ್ಲಿ ಆ ಚೀಲದ ತುಣುಕು ಬಂತು. ಕಪ್ಪು ಪರದೆ. ಚುಕ್ಕೆಗಳು. ಬಲಗಾಲು ಊರಿತು, ಎಡಭುಜ ತಗ್ಗಿತು, ಸೊಂಟ ಒಂದು ಗಳಿಗೆ ತಡೆದು ಹಿಂದಿನಿಂದ ಬಂತು, ಎಡ ಪಾದ ನೆಲ ಸವರಿಕೊಂಡು ಬಂತು. ಕೈಗಳು ಆರಾಮಾಗಿ ಬೀಸುತ್ತಿದ್ದವು.

ಆ ಆಟ ಹೇಳಿದ್ದೆನಲ್ಲ, ಹೆಸರು ಮುಚ್ಚಿ ಯಾರೆಂದು ಹೇಳುವುದು? ನಾನು ಯೋಚಿಸುವ ಮೊದಲೇ ಬಾಯಿ ಹೇಳಿತ್ತು. ಜೋರಾಗಿ. ಗುಡಿಸುವಾಕೆ ಬಾಗಿಲಲ್ಲಿ ನಿಂತಿದ್ದವಳು ಏನೂ ಕೇಳದೆ ಬಕೆಟ್ಟನ್ನು ಪಕ್ಕಕ್ಕೆ ಸರಿಸಿದಳು.

ನಿನ್ನ ಕಾಲುಗಳನ್ನು ಅಂದೇ ಅಳೆದಿದ್ದೆ. ಎರಡೂ ಸಮ. ಏನೂ ದೋಷವಿಲ್ಲ. ನೀನು ನಡೆಯಲು ಕಲಿತದ್ದು ಅಮ್ಮನ ಕೈ ಹಿಡಿದು. ಅವಳು ತಗ್ಗಿದಾಗ ತಗ್ಗುತ್ತ, ಎದ್ದಾಗ ಏಳುತ್ತ. ನಾನು ಯಾವಾಗಲೂ ಕೈ ಬಿಡಿಸಿಕೊಂಡು ಮುಂದೆ ಓಡುತ್ತಿದ್ದವನು. ನನ್ನ ನಡಿಗೆಯಲ್ಲಿ ಅವಳು ಎಲ್ಲೂ ಇಲ್ಲ, ಹುಡುಕಿ ನೋಡಿದ್ದೇನೆ. ನಿನ್ನಲ್ಲೂ ಯಾರಾದರೂ ನೋಡುವಾಗ ಇಲ್ಲ. ದಣಿದಾಗ, ಮೈ ಮರೆತಾಗ ಮಾತ್ರ.

ಮಾತ್ರೆಯವರಿಗೆ ಹೇಳು, ಅವರ ಕಿವಿ ಸರಿಯಾಗಿದೆ.

ಆ ತುಣುಕನ್ನು ನಿನಗೆ ಕಳಿಸಲಾ? ಅಮ್ಮನ ನಡಿಗೆ ಎಲ್ಲೂ ಉಳಿದಿಲ್ಲ ಅಂದಿದ್ದೆಯಲ್ಲ.

ಪುಟ್ಟ


ಮೇ 30

ಪುಟ್ಟ,

ಕಳಿಸಬೇಡ.

ಕೋಪವಲ್ಲ. ಕೇಳು. ನಿನ್ನ ಕಾಗದ ಓದಿದ ಗಳಿಗೆಯಿಂದ ನನಗೆ ನಡೆಯಲು ಬರುತ್ತಿಲ್ಲ. ಕುರ್ಚಿಯಿಂದ ಎದ್ದರೆ ಸಾಕು, ನನ್ನ ಕಾಲುಗಳು ನನ್ನ ಮುಖವನ್ನೇ ನೋಡುತ್ತ ನಿಲ್ಲುತ್ತವೆ. ಎಡಗಾಲು ಎಳೆಯೋಣವೆಂದರೆ ನಾಟಕವಾಗುತ್ತದೆ. ಸುಮ್ಮನೆ ನಡೆಯೋಣವೆಂದರೆ ಪೆರೇಡ್ ಆಗುತ್ತದೆ. ಚಪ್ಪಡಿಯ ಗೆರೆ ಹಿಡಿದು, ಕೈ ಬಿಗಿದುಕೊಂಡು, ಉಸಿರು ಕಟ್ಟಿ ಹಜಾರ ದಾಟುತ್ತೇನೆ. ಯಾರ ಹಾಗೆ ಅಂತ ಬೇರೆ ಹೇಳಬೇಕಾಗಿಲ್ಲ.

ಮನೆ ಎಂಥ ನಿಶ್ಶಬ್ದ ಅಂತೀಯ! ಮೊದಲ ಸಲ ಅಮ್ಮ ಇಲ್ಲ ಅನ್ನಿಸಿತು.

ನಾಲ್ಕಾರು ದಿನ ಕಳೆದ ಮೇಲೆ ಮಾತ್ರೆಯವರು ಬಂದರು. ಟೋಪಿ ಕೈಯಲ್ಲಿ.

“ಹೋಗ್ಬಿಟ್ರಾ ಅಮ್ಮಾ?”

ಅವರಿಗೆ ವಿಷಯ ಹೇಳಿಬಿಡೋಣ ಅಂತ ಬಾಯಿ ತೆರೆದೆ. ಅವರ ಮುಖ ನೋಡಿದೆ. ಆ ಮನುಷ್ಯನಿಗೂ ಮಧ್ಯಾಹ್ನದ ಹೊತ್ತು ತಲೆಯ ಮೇಲೆ ಯಾರೋ ಇದ್ದಾರೆ ಅನ್ನುವುದು ಬೇಕಾಗಿತ್ತು, ಪುಟ್ಟ. “ಗೊತ್ತಿಲ್ಲ, ಸ್ವಲ್ಪ ತಡ ಆಗಬಹುದು” ಅಂದೆ. ಅವರು ನಿಲ್ದಾಣದಲ್ಲಿ ಕೂರುವವರ ಹಾಗೆ ತಲೆಯಾಡಿಸಿ ಇಳಿದು ಹೋದರು.

ನಿನ್ನೆ ಬೆಳಿಗ್ಗೆ ಅಲಾರಂ ಕೈಕೊಟ್ಟಿತು. ಪಾಳಿಗೆ ಹೊತ್ತು ಮೀರಿತ್ತು. ಒಂದು ಕೈಯಲ್ಲಿ ಬ್ರೆಡ್ಡು, ಇನ್ನೊಂದರಲ್ಲಿ ಬಾಚಣಿಗೆ, ಕೀಲಿಕೈ ಸಿಗಲೊಲ್ಲದು. ರೈಲುಗಳಿಗೆ ಹೇಳಬೇಕಾದ ಬೈಗುಳವನ್ನೆಲ್ಲ ಕೀಲಿಕೈಗೆ ಹೇಳುತ್ತ ಮನೆಯೆಲ್ಲ ತಿರುಗಿ, ಕೊನೆಗೆ ಬ್ರೆಡ್ಡಿನ ಡಬ್ಬಿಯೊಳಗೆ ಹುಡುಕಿ ತೆಗೆದು, ಮೆಟ್ಟಿಲು ಇಳಿದು ಓಡಿದೆ. ಕೆಳಗಿನ ಬಾಗಿಲು ತೆರೆದಿತ್ತು. ಮಾತ್ರೆಯವರು ಹೊಸ್ತಿಲಲ್ಲಿ ನಿಂತು ಮೇಲಕ್ಕೆ ನೋಡುತ್ತಿದ್ದರು. ಕಣ್ಣು ಹೊಳೆಯುತ್ತಿತ್ತು.

“ಬಂದ್ರಲ್ಲ!” ಅಂದರು.

ದಾರಿಯುದ್ದಕ್ಕೂ ಅತ್ತೆ. ಗಾಜಿನ ಗೂಡಿಗೆ ಹೋಗಿ ಕೂತು, ತಡವಾದದ್ದಕ್ಕೆ ವಿಷಾದಿಸುತ್ತೇವೆ ಅಂತ ಮೈಕಿಗೆ ಹೇಳುವಾಗ ದನಿ ಒಡೆಯಿತು. ಪ್ಲಾಟ್‌ಫಾರಮ್ಮಿನ ಜನವೆಲ್ಲ ತಲೆಯೆತ್ತಿ ನೋಡಿದರಂತೆ.

ಆದ್ದರಿಂದ ಆ ತುಣುಕನ್ನು ನನಗೆ ತೋರಿಸಬೇಡ. ಇನ್ನು ಮುಂದೆ ನನ್ನ ಕಾಲಿನ ಮಾತನ್ನೇ ಎತ್ತಬೇಡ. ಈ ಕಾಗದವನ್ನೂ ಓದಿ ಮರೆತೆ ಅನ್ನು. ನನಗೆ ಗೊತ್ತಿದ್ದರೆ ಅವಳು ಬರುವುದಿಲ್ಲ. ನಾನು ಮರೆಯಬೇಕು. ಎಷ್ಟು ದಿನ ಹಿಡಿಯುತ್ತದೋ ಏನೋ.

ನಿನ್ನ ಪರದೆಯನ್ನು ಹಚ್ಚು. ನೀನು ದಿನಾ ನೋಡು, ಚೆನ್ನಾಗಿ ನೋಡು. ಕೆಲಸ ಹಂಚಿಕೊಳ್ಳೋಣ. ಮರೆಯುವುದು ನನ್ನ ಪಾಲಿಗೆ, ಮರೆಯದಿರುವುದು ನಿನ್ನ ಪಾಲಿಗೆ.

ರಜೆಗೆ ಬಾ. ಗಂಟೆ ಒತ್ತಿದ ಮೇಲೆ ಬಾಗಿಲು ತೆಗೆಯಲು ತಡವಾದರೆ ಹೊರಗೇ ನಿಂತಿರು. ಕಿವಿಯನ್ನು ಮಾತ್ರ ಬಾಗಿಲಿಗೆ ಕೊಟ್ಟಿರು.

ಅಕ್ಕ